ಕೆಂಪು ತೊಳೆಯ ಹಲಸು ಮಗುವಿಗೆ ಕೊಡಬಹುದೇ?



ಬೆಳಗಿನ ಹಾಲು ಕರೆದು, ಡೇರಿಗೆ ಹಾಕಿ, ಕ್ಯಾನು ತೊಳೆದು ಬೋರಲು ಹಾಕಿ ಒಳಗೆ ಬರುತ್ತೀರಿ. ತವರಿನಿಂದ ಬಂದ ಹಲಸಿನ ಹಣ್ಣು ಜಗಲಿಯ ಮೇಲೆ ಘಮ್ಮೆನ್ನುತ್ತಿದೆ. ಮಕ್ಕಳು ಆಗಲೇ ಸುತ್ತ ಕೂತಿದ್ದಾರೆ. ಕೈಗೂ ಕತ್ತಿಗೂ ಎಣ್ಣೆ ಸವರಿ ಹಣ್ಣು ಸೀಳುತ್ತೀರಿ. ಒಳಗೆ ಹಳದಿ ತೊಳೆ ಇಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಚೆಂಬಿನಂತೆ ಕೆಂಪಗಿದೆ.

"ಯಾರೋ ಬಣ್ಣದ ಸೂಜಿ ಚುಚ್ಚಿದ್ದಾರೆ ಕಣಮ್ಮ, ಮಕ್ಕಳಿಗೆ ಕೊಡಬೇಡ" ಎನ್ನುತ್ತಾರೆ ಅತ್ತೆ. "ಏನೂ ಆಗಲ್ಲ, ತಿನ್ನಲಿ ಬಿಡು" ಎನ್ನುತ್ತಾರೆ ಯಜಮಾನರು. ತೊಳೆ ಕೈಯಲ್ಲೇ ಇದೆ, ಮಗು ಬಾಯಿ ತೆರೆದು ನಿಂತಿದೆ. ಕೊಡಬೇಕೇ, ಬೇಡವೇ ಎಂದು ತೀರ್ಮಾನಿಸಬೇಕಾದವರು ನೀವು.

ಮನೆಯಲ್ಲಿ ಮಕ್ಕಳ ಕೈಗೆ ಹಣ್ಣು ಕೊಡುವವರು ಹೆಚ್ಚಾಗಿ ನಾವೇ. ಹೆದರಿ ಒಳ್ಳೆಯ ಹಣ್ಣನ್ನು ತಿಪ್ಪೆಗೆ ಎಸೆದರೆ ಮಗುವಿನ ಬಾಯಿಗೆ ಹೋಗಬೇಕಾದ ಪೌಷ್ಟಿಕಾಂಶ ಹೋಯಿತು. ಹೆದರದೆ ಕೆಟ್ಟ ಹಣ್ಣನ್ನು ಕೊಟ್ಟರೆ ಮಗು ಮಲಗಿತು. ಎರಡೂ ಆಗದಂತೆ ನೋಡಿಕೊಳ್ಳಲು ಏನು ಮಾಡಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ.

ಚೇಳೂರಿನ ಕೆಂಪು ಹಲಸು

ಮೊದಲು ಆ ಕೆಂಪು ಹಲಸಿನ ಮಾತು. ಅದರ ಉತ್ತರ ನಮ್ಮ ಜಿಲ್ಲೆಯಲ್ಲೇ, ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲೇ ಇದೆ.

ಚೇಳೂರಿನ ಸಿದ್ದಪ್ಪ ಎಂಬ ರೈತರು ದಶಕಗಳ ಹಿಂದೆ ಒಂದು ಹಲಸಿನ ಗಿಡ ನೆಟ್ಟಿದ್ದರು. ಅದು ಮರವಾಗಿ ಬಿಟ್ಟ ಹಣ್ಣು ಚಿಕ್ಕದು. ಸುಮಾರು ಎರಡೂವರೆ ಕಿಲೋ ತೂಕ, ಒಳಗೆ 25ರಿಂದ 30 ತೊಳೆ, ತೊಳೆಯೆಲ್ಲ ತಾಮ್ರಗೆಂಪು. ತುಮಕೂರು ಹತ್ತಿರದ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಆ ಹಣ್ಣನ್ನು ಪರೀಕ್ಷಿಸಿದರು. ಕೆಂಪು ಬಣ್ಣಕ್ಕೆ ಕಾರಣ ಲೈಕೋಪಿನ್ ಎಂಬ ಸಹಜ ಅಂಶ. ಟೊಮೆಟೊ ಹಣ್ಣನ್ನು, ಕಲ್ಲಂಗಡಿಯನ್ನು ಕೆಂಪು ಮಾಡುವುದೂ ಅದೇ. ಈ ಮರದ ಹಣ್ಣಿನಲ್ಲಿ ಅದು ಬೇರೆ ಹಲಸಿಗಿಂತ ಹೆಚ್ಚಾಗಿತ್ತು. ಜೊತೆಗೆ ಕೆರೋಟಿನ್ ಜಾತಿಯ ಅಂಶಗಳೂ ಚೆನ್ನಾಗಿದ್ದವು. ಹಣ್ಣು ಕೆಟ್ಟಿರಲಿಲ್ಲ, ಬಣ್ಣ ಸೇರಿಸಿಯೂ ಇರಲಿಲ್ಲ. ಅದು ಆ ಮರದ ಹುಟ್ಟುಗುಣ.

ಮರ ನೆಟ್ಟವರ ಹೆಸರಿನಲ್ಲೇ ಆ ತಳಿಗೆ 'ಸಿದ್ದು' ಎಂದು ಹೆಸರಿಟ್ಟರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಆ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡು, ಕಸಿ ಗಿಡಗಳನ್ನು ಬೆಳೆಸಿ ಮಾರಲು ಮುಂದಾಯಿತು. ಬರುವ ಹಣದಲ್ಲಿ ದೊಡ್ಡ ಪಾಲು ಮರದ ಮನೆಯವರಿಗೆ ಸಲ್ಲುವಂತೆ ಏರ್ಪಾಡಾಯಿತು. ಆಮೇಲೆ ನಮ್ಮ ಜಿಲ್ಲೆಯದೇ ಇನ್ನೊಂದು ಕೆಂಪು ಹಲಸು 'ಶಂಕರ' ಎಂಬ ಹೆಸರಿನಲ್ಲಿ ಬಂತು. ಕೆಂಪು ತೊಳೆಯ ಹಲಸನ್ನು ಹಿಂದಿನವರು ಚಂದ್ರಹಲಸು ಎಂದು ಕರೆಯುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಹೊಸದೇನಲ್ಲ, ನಾವು ಮರೆತದ್ದು ಅಷ್ಟೇ.

ಒಂದು ಮರ ಕೆಂಪು, ಪಕ್ಕದ ಮರ ಹಳದಿ ಯಾಕೆ? ಬೀಜದಿಂದ ಬೆಳೆದ ಹಲಸಿನ ಮರಗಳು ಒಂದರಂತೆ ಒಂದು ಇರುವುದಿಲ್ಲ. ಒಂದೇ ಮನೆಯ ಮಕ್ಕಳಲ್ಲಿ ಒಬ್ಬರು ಅಪ್ಪನ ಹಾಗೆ, ಒಬ್ಬರು ಅಜ್ಜಿಯ ಹಾಗೆ ಇರುವಂತೆ. ಒಂದರಲ್ಲಿ ತೊಳೆ ಗಟ್ಟಿ, ಒಂದರಲ್ಲಿ ಲೋಳೆ. ಒಂದು ಬಿಳಿಚು, ಒಂದು ಅರಿಶಿನ, ಒಂದು ಕೆಂಪು. ಹಾಗಾಗಿ ನಿಮ್ಮ ತೋಟದ ಹಣ್ಣು ಪಕ್ಕದ ತೋಟದ ಹಣ್ಣಿನಂತಿಲ್ಲ ಎನ್ನುವುದೊಂದೇ ಹೆದರಲು ಕಾರಣವಲ್ಲ.

ನಿಮಗೆ ಇದು ಗೊತ್ತಿರುವ ವಿದ್ಯೆಯೇ

ಹಾಲಿನ ವಿಷಯದಲ್ಲಿ ನೀವು ದಿನಾ ಎರಡು ಹೊತ್ತು ಮಾಡುವ ಕೆಲಸವನ್ನೇ ಹಣ್ಣಿಗೂ ಮಾಡಿದರೆ ಸಾಕು.

ಎಮ್ಮೆ ಹಾಲು ಬೆಳ್ಳಗೆ, ಹಸುವಿನ ಹಾಲು ತುಸು ಹಳದಿ. ಹಸಿರು ಮೇವು ಚೆನ್ನಾಗಿ ತಿಂದ ಹಸುವಿನ ಬೆಣ್ಣೆ ಇನ್ನೂ ಹಳದಿ. ಅದನ್ನು ನೋಡಿ ಯಾರೂ "ಅರಿಶಿನ ಕಲಸಿದ್ದಾರೆ" ಎನ್ನುವುದಿಲ್ಲ. ಅದು ಮೇವಿನಿಂದ ಬಂದ ಕೆರೋಟಿನ್, ಹಳದಿ ಹಲಸಿನಲ್ಲಿ ಇರುವುದರ ಬಳಗವೇ. ಆದರೆ ಕರೆಯುವಾಗ ಹಾಲಿನಲ್ಲಿ ಕೆಂಪು ಗೆರೆ ಕಂಡರೆ, ಹೆಪ್ಪು ಹೆಪ್ಪಾಗಿ ಬಂದರೆ, ಒಂದು ಮೊಲೆ ಬಿಸಿಯಾಗಿ ಗಟ್ಟಿಯಾಗಿದ್ದರೆ ತಕ್ಷಣ ಕೆಚ್ಚಲುಬಾವು ಎಂದು ಗುರುತಿಸುತ್ತೀರಿ. ಆ ಹಾಲನ್ನು ಡೇರಿಗೆ ಹಾಕುವುದಿಲ್ಲ, ಮಕ್ಕಳಿಗೂ ಕೊಡುವುದಿಲ್ಲ.

ಎರಡರಲ್ಲೂ ಬಣ್ಣ ಬೇರೆಯಾಗಿದೆ. ಒಂದು ಹುಟ್ಟಿನಿಂದ ಬಂದ ಬಣ್ಣ, ಇನ್ನೊಂದು ಕೆಟ್ಟು ಬಂದ ಬಣ್ಣ. ಕರು ಹುಟ್ಟುವಾಗಲೇ ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದರೆ ಡಾಕ್ಟರನ್ನು ಕರೆಯುವುದಿಲ್ಲ. ನಿನ್ನೆ ಇಲ್ಲದ ಗಂಟು ಇವತ್ತು ಬಂದರೆ ಕರೆಯುತ್ತೀರಿ. ಹಣ್ಣಿನಲ್ಲೂ ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ. ಇದು ಹುಟ್ಟಿನಿಂದ ಬಂದದ್ದೋ, ಆಮೇಲೆ ಬಂದದ್ದೋ?

ಹುಟ್ಟಿನಿಂದ ಬಂದ ಬಣ್ಣ ಹಣ್ಣಿನ ತುಂಬಾ ಸಮವಾಗಿರುತ್ತದೆ. ಎಲ್ಲ ತೊಳೆಯೂ ಕೆಂಪು, ಮರದ ಎಲ್ಲ ಹಣ್ಣೂ ಕೆಂಪು, ಹೋದ ವರ್ಷವೂ ಕೆಂಪು. ವಾಸನೆ ಆ ಹಣ್ಣಿನದೇ ವಾಸನೆ. ತೊಳೆ ಬಿಗಿಯಾಗಿರುತ್ತದೆ.

ಕೆಟ್ಟು ಬಂದ ಬಣ್ಣ ಒಂದು ಕಡೆಯಿಂದ ಶುರುವಾಗುತ್ತದೆ. ಗಾಯದ ಹತ್ತಿರ, ತೊಟ್ಟಿನ ಹತ್ತಿರ, ಹುಳು ಕೊರೆದ ತೂತಿನ ಹತ್ತಿರ. ಅಲ್ಲಿ ಮೆತ್ತಗೆ, ನೀರು ನೀರು, ಲೋಳೆ. ಮೂಗಿಗೆ ಹುಳಿ ಅಥವಾ ಹೆಂಡದ ವಾಸನೆ. ಮೇಲೆ ಬಿಳಿ, ಹಸಿರು, ಕಪ್ಪು ಬೂಷ್ಟು.

ತಟ್ಟೆಗೆ ಹಾಕುವ ಮೊದಲು ನಾಲ್ಕು ಪ್ರಶ್ನೆ

ಒಂದು: ಈ ಹಣ್ಣು ನನಗೆ ಗೊತ್ತೇ? ಗೊತ್ತಿರುವ ಹಣ್ಣು ವಿಚಿತ್ರವಾಗಿ ಕಾಣುವುದು ಬೇರೆ, ಗೊತ್ತೇ ಇಲ್ಲದ ಹಣ್ಣು ಬೇರೆ. ಬೇಲಿಯಲ್ಲಿ, ಬದುವಿನಲ್ಲಿ, ಕೆರೆ ಏರಿಯ ಮೇಲೆ ಸಿಕ್ಕ ಹೆಸರು ಗೊತ್ತಿಲ್ಲದ ಹಣ್ಣು, ಕಾಯಿ, ಬೀಜಕ್ಕೆ ಪರೀಕ್ಷೆಯೇ ಬೇಡ, ಕೊಡಲೇಬಾರದು.

ಎರಡು: ಬಣ್ಣ, ಆಕಾರ ಹಣ್ಣಿನ ತುಂಬಾ ಸಮವಾಗಿದೆಯೇ, ಇಲ್ಲ ಒಂದು ಕಡೆಯಿಂದ ಹಬ್ಬಿದೆಯೇ?

ಮೂರು: ಮೂಗು, ಬೆರಳು ಏನು ಹೇಳುತ್ತವೆ? ಹುಳಿ ವಾಸನೆ, ಲೋಳೆ, ಬೂಷ್ಟು ಇದ್ದರೆ ಬೇಡ. ಅವೆಲ್ಲ ಸರಿಯಿದ್ದರೆ ನೀವೇ ಚೂರು ಬಾಯಿಗೆ ಹಾಕಿ ನೋಡಿ. ಕಹಿ ಅಥವಾ ನಾಲಿಗೆ ಚುರುಗುಟ್ಟಿದರೆ ಉಗುಳಿ, ಮಕ್ಕಳಿಗೆ ಕೊಡಬೇಡಿ.

ನಾಲ್ಕು: ನನಗಿಂತ ಮೊದಲು ಯಾರಾದರೂ ಬಾಯಿ ಹಾಕಿದ್ದಾರೆಯೇ? ಬಾವಲಿ, ಅಳಿಲು, ಇಲಿ, ಹುಳು. ಹಲ್ಲಿನ ಗುರುತು, ಉಗುರಿನ ಗೀರು, ತೂತು ನೋಡಿ.

ನಾಲ್ಕಕ್ಕೂ ಉತ್ತರ ಸರಿಯಿದ್ದರೆ ಆ ಕೆಂಪು ತೊಳೆಯನ್ನು ಧೈರ್ಯವಾಗಿ ಮಗುವಿನ ಕೈಗೆ ಕೊಡಿ. ಆದರೆ ಹಸಿದು ಹಲಸು, ಉಂಡು ಮಾವು ಎಂಬ ಗಾದೆ ಇದೆ ಎಂದು ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಡಿ. ಚಿಕ್ಕ ಹೊಟ್ಟೆಗೆ ನಾಲ್ಕು ತೊಳೆ ಧಾರಾಳ.

ನೋಡಲು ವಿಚಿತ್ರ, ತಿನ್ನಲು ಸರಿ

ಬಾಳೆಹಣ್ಣು: ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದರೆ ಹಣ್ಣು ಚೆನ್ನಾಗಿ ಮಾಗಿದೆ ಎಂದರ್ಥ. ಒಳಗೆ ಬೆಳ್ಳಗೆ, ಸಿಹಿಯಾಗಿ ಇದ್ದರೆ ಕೊಡಿ. ಮೊಟ್ಟೆ ತಿನ್ನದ ಮಕ್ಕಳಿಗೆ ಶಾಲೆಯಲ್ಲಿ ಬಾಳೆಹಣ್ಣು ಕೊಡುತ್ತಾರೆ. ನಿಮ್ಮಲ್ಲಿ ಕೆಲವರು ಶಾಲೆಯ ಅಡುಗೆ ಕೆಲಸವನ್ನೂ ಮಾಡುತ್ತೀರಿ. ಚುಕ್ಕೆ ನೋಡಿ ಹಣ್ಣು ಬದಿಗಿಡಬೇಡಿ, ಸಿಪ್ಪೆ ಒಡೆದು ಒಳಗೆ ನೊಣ ಕೂತಿದ್ದರೆ ಮಾತ್ರ ಬದಿಗಿಡಿ. ಎರಡು ಹಣ್ಣು ಅಂಟಿಕೊಂಡ ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳು ಹುಟ್ಟುತ್ತವೆ ಎಂದು ಹೆಣ್ಣುಮಕ್ಕಳಿಗೆ ಕೊಡದಿರುವ ರೂಢಿ ಇದೆ. ಹೂವು ಜೊತೆಯಾಗಿ ಬೆಳೆದದ್ದರಿಂದ ಹಣ್ಣು ಜೋಡಿಯಾಗಿದೆ, ಅಷ್ಟೇ. ಬಾಳೆಹಣ್ಣಿಗೆ ರೋಗಿಯ ರಕ್ತ ಚುಚ್ಚುತ್ತಾರೆ ಎಂಬ ಮೊಬೈಲ್ ಸುದ್ದಿಯನ್ನು ನಂಬಬೇಡಿ. ಏಡ್ಸ್ ವೈರಾಣು ಹಣ್ಣಿನಲ್ಲಿ ಬದುಕುವುದಿಲ್ಲ, ತಿನ್ನುವುದರಿಂದ ಹರಡುವುದೂ ಇಲ್ಲ.

ಮಾವು: ಬಾದಾಮಿ ಹಣ್ಣನ್ನು ಕೊಯ್ದಾಗ ಓಟೆಯ ಸುತ್ತ ಬಿಳಿಚಿಕೊಂಡ, ಸ್ಪಂಜಿನಂತಹ, ಹುಳಿಯಾದ ಭಾಗ ಕಾಣುವುದುಂಟು. ಹೊರಗೆ ಏನೂ ಗೊತ್ತಾಗುವುದಿಲ್ಲ. ಇದು ರೋಗವಲ್ಲ, ಔಷಧಿ ಹೊಡೆದದ್ದೂ ಅಲ್ಲ. ಬಿಸಿಲಿನ ಕಾವಿಗೆ ಹಣ್ಣಿನೊಳಗೆ ಆಗುವ ವ್ಯತ್ಯಾಸ. ಅಷ್ಟು ಭಾಗ ತೆಗೆದು ಉಳಿದದ್ದು ಕೊಡಬಹುದು. ಸೊನೆ ಬಿದ್ದು ಕಪ್ಪಾದ ಸಿಪ್ಪೆಯಿಂದ ಮಕ್ಕಳ ತುಟಿ ಉರಿಯುತ್ತದೆ. ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು ಕೊಡಿ. ಓಟೆಯೊಳಗೆ ಮಾತ್ರ ಕಪ್ಪು ಮೂತಿಹುಳು ಇದ್ದು ತಿರುಳು ಚೆನ್ನಾಗಿದ್ದರೆ ತಿರುಳು ತಿನ್ನಲು ತೊಂದರೆಯಿಲ್ಲ. ತಿರುಳಿನಲ್ಲೇ ಬಿಳಿ ಹುಳು ಮಿಜಿಮಿಜಿ ಎನ್ನುತ್ತಿದ್ದರೆ ಅದು ಹಣ್ಣುನೊಣದ ಮರಿ. ಅಂಥ ಹಣ್ಣು ಒಳಗೇ ಕೊಳೆಯಲು ಶುರುವಾಗಿರುತ್ತದೆ, ಬಿಸಾಡಿ. ಸೀಬೆಗೂ ಇದೇ ಮಾತು.

ಕಲ್ಲಂಗಡಿ: ಕುಣಿಗಲ್ ಹೆದ್ದಾರಿ ಬದಿಯಲ್ಲಿ ಗುಡ್ಡೆ ಹಾಕಿ ಮಾರುವ ಹಣ್ಣನ್ನು ಮನೆಗೆ ತಂದು ಕೊಯ್ದರೆ ಮಧ್ಯೆ ಬಿರುಕು ಬಿಟ್ಟಿರುತ್ತದೆ. "ಇಂಜೆಕ್ಷನ್ ಹಣ್ಣು" ಎಂದು ಗಾಬರಿಯಾಗುತ್ತೇವೆ. ಹಣ್ಣು ಒಮ್ಮೆ ನಿಧಾನವಾಗಿ, ಒಮ್ಮೆ ಬೇಗ ಬೆಳೆದರೆ ಒಳಗೆ ಹಾಗೆ ಸೀಳು ಬೀಳುತ್ತದೆ. ಸೂಜಿ ಚುಚ್ಚಿದ ಹಣ್ಣು ಆ ತೂತಿನಿಂದಲೇ ಬೇಗ ಕೊಳೆಯುತ್ತದೆ. ಹೊರಗೆ ತೂತಿಲ್ಲದೆ, ಒಳಗೆ ಗಟ್ಟಿಯಾಗಿ ಸಿಹಿಯಾಗಿದ್ದರೆ ಬಿರುಕಿಗೆ ಹೆದರಬೇಕಿಲ್ಲ. ನೊರೆ ಬರುತ್ತಿದ್ದರೆ, ಹುಳಿ ವಾಸನೆ ಇದ್ದರೆ ಬೇಡ.

ಕಿತ್ತಳೆ: ಸಿಪ್ಪೆ ಹಸಿರಿದ್ದ ಮಾತ್ರಕ್ಕೆ ಕಾಯಿಯಲ್ಲ. ಬೆಚ್ಚಗಿನ ಊರುಗಳಲ್ಲಿ ಹಣ್ಣಾದ ಮೇಲೂ ಹಸಿರು ಉಳಿಯುತ್ತದೆ.

ಪಪ್ಪಾಯಿ: ಬೀಜವೇ ಇಲ್ಲದ ಪಪ್ಪಾಯಿ ಸಿಕ್ಕರೆ ಪರಾಗ ಸೇರದೆ ಬೆಳೆದ ಹಣ್ಣು ಅಷ್ಟೇ. ತಿನ್ನಬಹುದು.

ಡ್ರ್ಯಾಗನ್ ಹಣ್ಣು: ಈಗ ನಮ್ಮ ಜಿಲ್ಲೆಯ ಬಯಲು ಹೊಲಗಳಲ್ಲೂ ಬೆಳೆಯುತ್ತಿದ್ದಾರೆ. ಒಳಗೆ ಬೀಟ್‌ರೂಟ್ ಬಣ್ಣ ಇರುವ ತಳಿ ತಿಂದ ಮಾರನೆಯ ದಿನ ಮಗುವಿನ ಮೂತ್ರ, ಮಲ ಕೆಂಪಾಗಬಹುದು. ರಕ್ತ ಎಂದು ಹೆದರಿ ಓಡುವ ಮೊದಲು ನಿನ್ನೆ ಏನು ತಿಂದಿತ್ತು ಎಂದು ನೆನಪಿಸಿಕೊಳ್ಳಿ. ಹಣ್ಣು ನಿಲ್ಲಿಸಿದ ಒಂದೆರಡು ದಿನದಲ್ಲಿ ಬಣ್ಣ ಹೋಗುತ್ತದೆ. ಹೋಗದಿದ್ದರೆ, ನೋವಿದ್ದರೆ ಡಾಕ್ಟರಿಗೆ ತೋರಿಸಿ.

ಹೇಗೇ ಕಂಡರೂ ಕೊಡಬಾರದ್ದು

ಬೂಷ್ಟು ಬಂದ ಮೆತ್ತನೆಯ ಹಣ್ಣು: ದ್ರಾಕ್ಷಿ, ಪಪ್ಪಾಯಿ, ಮಾಗಿದ ಮಾವಿನ ಮೇಲೆ ಬೂಷ್ಟು ಕಂಡಷ್ಟೇ ಇರುವುದಿಲ್ಲ. ಅದರ ಬೇರಿನಂಥ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಇಳಿದಿರುತ್ತವೆ. ಮೇಲೆ ಒರೆಸಿ ಕೊಟ್ಟರೆ ಪ್ರಯೋಜನವಿಲ್ಲ, ಇಡೀ ಹಣ್ಣು ಬಿಸಾಡಿ. ಸೇಬಿನಂಥ ಗಟ್ಟಿ ಹಣ್ಣಿನಲ್ಲಿ ಒಂದು ಕಡೆ ಪೆಟ್ಟಾಗಿ ಕಂದಿದ್ದರೆ, ಬೂಷ್ಟಿಲ್ಲದಿದ್ದರೆ, ಸುತ್ತ ಎರಡು ಬೆರಳ ಅಗಲ ಹೆಚ್ಚಾಗಿ ಕೊಯ್ದು ತೆಗೆದು ಉಳಿದದ್ದು ಬಳಸಬಹುದು. ಒಳಗೆ ಕೊಳೆತ ಸೇಬನ್ನು ರಸ ಮಾಡಿ ಕೊಡುವುದು ಇನ್ನೂ ತಪ್ಪು. ಬೂಷ್ಟಿನ ವಿಷ ರಸಕ್ಕೆ ಇಳಿಯುತ್ತದೆ.

ಬಾಯಿ ಹಾಕಿದ ಹಣ್ಣು: ಗಿಣಿ ಕಚ್ಚಿದ ಹಣ್ಣು ಸಿಹಿ ಎಂದು ನಾವೆಲ್ಲ ಚಿಕ್ಕವರಿದ್ದಾಗ ಆರಿಸಿ ತಿಂದವರೇ. ಆದರೆ 2018ರ ಮೇ ತಿಂಗಳಲ್ಲಿ ಪಕ್ಕದ ಕೇರಳದ ಕೋಯಿಕ್ಕೋಡ್ ಕಡೆ ನಿಪಾ ಜ್ವರ ಕಾಣಿಸಿಕೊಂಡು ಜನ ಸತ್ತಾಗಿನಿಂದ ಆ ಮಾತು ಬಿಡಬೇಕಾಗಿದೆ. ಹಣ್ಣು ತಿನ್ನುವ ಬಾವಲಿಗಳ ಜೊಲ್ಲಿನಲ್ಲಿ ಆ ವೈರಾಣು ಇರಬಹುದು. ಕಚ್ಚಿದ್ದು ಗಿಣಿಯೋ, ಅಳಿಲೋ, ಬಾವಲಿಯೋ ಎಂದು ಬೆಳಿಗ್ಗೆ ನೋಡಿ ಹೇಳಲು ಆಗುವುದಿಲ್ಲ. ಆದ್ದರಿಂದ ಹಲ್ಲು, ಕೊಕ್ಕಿನ ಗುರುತು ಇರುವ ಯಾವ ಹಣ್ಣನ್ನೂ ಕಚ್ಚಿದಷ್ಟು ಕೊಯ್ದು ಉಳಿದದ್ದು ಕೊಡಬೇಡಿ. ಹಾಗೆಂದು ಬಾವಲಿಗಳನ್ನು ಓಡಿಸುವುದು, ಕೊಲ್ಲುವುದು ಬೇಡ. ಅವು ಹೂವಿನ ಪರಾಗ ಸಾಗಿಸುತ್ತವೆ, ಬೀಜ ಹರಡುತ್ತವೆ.

ಬಿದ್ದು ಒಡೆದ ಹಣ್ಣು: ನಮ್ಮ ಮನೆಗಳಲ್ಲಿ ಹಲಸು, ಮಾವಿನ ಮರ ಹೆಚ್ಚಾಗಿ ಕೊಟ್ಟಿಗೆ, ತಿಪ್ಪೆ ಪಕ್ಕದಲ್ಲೇ ಇರುತ್ತವೆ. ಸಗಣಿ, ಗಂಜಲದ ನೆಲದ ಮೇಲೆ ಬಿದ್ದು ಬಾಯಿಬಿಟ್ಟ ಹಣ್ಣಿನೊಳಗೆ ಭೇದಿ ತರುವ ಸೂಕ್ಷ್ಮಾಣು ಸುಲಭವಾಗಿ ಹೋಗುತ್ತದೆ. ಒಡೆಯದೆ ಬಿದ್ದದ್ದಾದರೆ ಹರಿಯುವ ನೀರಿನಲ್ಲಿ ತೊಳೆದು ಬಳಸಿ.

ಕಹಿಯಾದ ಸೋರೆಕಾಯಿ, ಸೌತೆಕಾಯಿ: ಇವು ನೋಡಲು ಚೆನ್ನಾಗಿಯೇ ಇರುತ್ತವೆ. ಕಹಿ ಇದ್ದರೆ ಅದರಲ್ಲಿ ವಿಷದ ಅಂಶ ಹೆಚ್ಚಿದೆ ಎಂದರ್ಥ. ಕಹಿ ಸೋರೆಕಾಯಿ ರಸ ಕುಡಿದು ಜನ ಸತ್ತದ್ದುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೇ ಇದನ್ನು ಕುಡಿಯಬಾರದು ಎಂದು ಹೇಳಿದೆ. ಬೇಯಿಸಿದರೂ ಹೋಗುವುದಿಲ್ಲ. ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡುವ ಅಭ್ಯಾಸ ಇರಲಿ.

ಬೇಲಿಯ ಬೀಜಗಳು: ಕಾಡುಹರಳು, ಹರಳು, ಗುಲಗಂಜಿ. ಮಕ್ಕಳಿಗೆ ಕಡಲೆಬೀಜದ ಹಾಗೆ, ಮಣಿಯ ಹಾಗೆ ಕಾಣುತ್ತವೆ. ಕಾಡುಹರಳಿನ ಬೀಜ ತಿಂದ ಶಾಲೆ ಮಕ್ಕಳು ಗುಂಪಾಗಿ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರುವುದು ಆಗಾಗ ನಡೆಯುತ್ತದೆ. ಗುಲಗಂಜಿಯನ್ನು ಕಚ್ಚಿ ಅಗಿದರೆ ಪ್ರಾಣಕ್ಕೇ ಅಪಾಯ. ಈ ಮೂರು ಗಿಡಗಳನ್ನು ಮಕ್ಕಳಿಗೆ ಕೈ ತೋರಿಸಿ ಗುರುತು ಮಾಡಿಸಿ. ಹೇಳಿ ಬಿಟ್ಟರೆ ಸಾಲದು.

ನೋಡಲು ಚೆಂದ, ಆದರೂ ಅನುಮಾನ

ವಿಚಿತ್ರವಾಗಿ ಕಂಡದ್ದಕ್ಕೆ ಹೆದರುವ ನಾವು ಚೆಂದ ಕಂಡದ್ದನ್ನು ಕೇಳದೆ ತರುತ್ತೇವೆ. ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಹೋದಾಗಲೋ, ಗುಬ್ಬಿ, ಕುಣಿಗಲ್ ಸಂತೆಯಲ್ಲೋ, ಬೇಸಿಗೆ ಶುರುವಾಗುವ ಮೊದಲೇ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಹಳದಿಯಾದ ಮಾವು ಕಂಡರೆ ಒಂದು ಗಳಿಗೆ ನಿಲ್ಲಿ. ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವುದನ್ನು ಆಹಾರ ಸುರಕ್ಷತೆಯ 2011ರ ನಿಯಮ ನಿಷೇಧಿಸಿದೆ. ಅದರಿಂದ ಬರುವ ಅನಿಲದ ಜೊತೆ ಆರ್ಸೆನಿಕ್, ರಂಜಕದ ಅಂಶ ಸೇರಿರಬಹುದು. ಎಥಿಲೀನ್ ಅನಿಲದಿಂದ ಹಣ್ಣು ಮಾಡುವುದಕ್ಕೆ ಮಿತಿಯೊಳಗೆ ಅನುಮತಿ ಇದೆ, ಅದು ಹಣ್ಣೇ ಹೊರಬಿಡುವ ಅನಿಲ.

ಬರೀ ಕಣ್ಣಿನಿಂದ ಕಾರ್ಬೈಡ್ ಹಣ್ಣನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಅನುಮಾನಕ್ಕೆ ಕಾರಣಗಳಿವೆ: ಮೇಲೆ ಪೂರ್ತಿ ಹಳದಿ, ಒಳಗೆ ಹಸಿ, ಗಟ್ಟಿ. ಮೂಗಿಗೆ ಹಣ್ಣಿನ ಪರಿಮಳವಿಲ್ಲ. ಸಿಪ್ಪೆಯ ಮೇಲೆ ಬೂದಿಯಂಥ ಪುಡಿ. ಮಕ್ಕಳಿಗಾದರೆ ಕಾಲಕ್ಕೆ ಸರಿಯಾಗಿ ಬರುವ ಹಣ್ಣು ಕೊಳ್ಳುವುದು, ತೊಳೆದು ಸಿಪ್ಪೆ ತೆಗೆದು ಕೊಡುವುದು ವಾಸಿ. ಅದಕ್ಕಿಂತ ವಾಸಿ, ಬಲಿತ ಕಾಯಿ ತಂದು ಮನೆಯಲ್ಲೇ ಹುಲ್ಲಿನಲ್ಲಿ ಅಡೆ ಹಾಕುವುದು. ಹುಲ್ಲಿಗೆ ನಮ್ಮ ಮನೆಯಲ್ಲಿ ಬರವೇನಿಲ್ಲ. ಒಣಗಿದ, ಬೂಷ್ಟಿಲ್ಲದ ಹುಲ್ಲಾಗಿರಲಿ.

ಕೊಡುವ ಕೈ, ಕೊಡುವ ರೀತಿ

ಎಷ್ಟೋ ಸಲ ಹಣ್ಣು ಸರಿಯಿರುತ್ತದೆ, ಕೊಯ್ದ ಕೈ ಸರಿಯಿರುವುದಿಲ್ಲ. ಕೊಟ್ಟಿಗೆಯಿಂದ ಬಂದವರು ಸೋಪು ಹಾಕಿ ಕೈ ತೊಳೆದೇ ಹಣ್ಣು ಮುಟ್ಟಿ. ಸಿಪ್ಪೆ ತೆಗೆಯುವ ಹಣ್ಣನ್ನೂ ಮೊದಲು ತೊಳೆಯಿರಿ, ಯಾಕೆಂದರೆ ಮೇಲಿನ ಕೊಳೆಯನ್ನು ಕತ್ತಿಯೇ ಒಳಗೆ ಒಯ್ಯುತ್ತದೆ. ಕೊಯ್ದ ಹಣ್ಣನ್ನು ಮುಚ್ಚಿಡಿ, ಬಿಸಿಲ ಕಾಲದಲ್ಲಿ ಒಂದೆರಡು ಗಂಟೆಯೊಳಗೆ ತಿಂದು ಮುಗಿಸಿ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ತೆರೆದಿಟ್ಟು ಮಾರುವ ಕೊಯ್ದ ಹಣ್ಣಿಗಿಂತ ಇಡೀ ಬಾಳೆಹಣ್ಣು ಕ್ಷೇಮ.

ಐದು ವರ್ಷದೊಳಗಿನ ಮಕ್ಕಳಿಗೆ ಹಣ್ಣಿನ ವಿಷಕ್ಕಿಂತ ಗಂಟಲಿಗೆ ಸಿಕ್ಕುವ ಭಯ ಹೆಚ್ಚು. ಹಲಸಿನ ತೊಳೆಯ ಬೀಜ ತೆಗೆದು ಚಿಕ್ಕದಾಗಿ ಹೆಚ್ಚಿ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ. ನೇರಳೆ, ಸೀತಾಫಲದ ಬೀಜ ನೀವೇ ತೆಗೆದುಕೊಡಿ. ಓಡಾಡುತ್ತಾ, ನಗುತ್ತಾ ತಿನ್ನಲು ಬಿಡದೆ ಕೂರಿಸಿ ತಿನ್ನಿಸಿ.

ಬಿಸಾಡಿದ್ದು ಗೊಂತಿಗೆ ಹೋಗದಿರಲಿ

ಮಕ್ಕಳಿಗೆ ಬೇಡವೆಂದು ತೆಗೆದ ಹಣ್ಣನ್ನು "ಹಸುವಾದರೂ ತಿನ್ನಲಿ" ಎಂದು ಗೊಂತಿಗೆ ಹಾಕುವುದು ನಮ್ಮೆಲ್ಲರ ಅಭ್ಯಾಸ. ಇಲ್ಲಿ ಸ್ವಲ್ಪ ತಡೆಯಿರಿ.

ಹಲಸಿನ ಹಸಿ ಸಿಪ್ಪೆಯನ್ನು ಚೂರು ಮಾಡಿ, ಬೇರೆ ಮೇವಿನ ಜೊತೆ ಮಿತವಾಗಿ ಕೊಡಬಹುದು. ಮಾಗಿದ ಹಣ್ಣನ್ನು ಬುಟ್ಟಿಗಟ್ಟಲೆ ಹಾಕಿದರೆ ಅದರ ಸಕ್ಕರೆ ಹೊಟ್ಟೆಯಲ್ಲಿ ಹುಳಿಯಾಗಿ ಹಸು ಮೇವು ಬಿಟ್ಟು, ಹಾಲು ಇಳಿಸಿ, ಕೆಲವೊಮ್ಮೆ ನೆಲಕ್ಕೆ ಬೀಳುತ್ತದೆ. ಹಲಸಿನ ಕಾಲದಲ್ಲಿ ಹಗ್ಗ ಬಿಚ್ಚಿದ ಹಸು ಮರದ ಕೆಳಗೆ ಸೇರದಂತೆ ನೋಡಿಕೊಳ್ಳಿ. ಮಾವಿನ ಓಟೆ ಗಂಟಲಲ್ಲಿ ಸಿಕ್ಕಿಕೊಂಡು ಹೊಟ್ಟೆ ಉಬ್ಬರಿಸುವುದೂ ಉಂಟು.

ಬೂಷ್ಟು ಹಿಡಿದದ್ದಂತೂ ಬೇಡವೇ ಬೇಡ. ಬೂಷ್ಟು ಬಂದ ಕಡಲೆಕಾಯಿ ಹಿಂಡಿ, ಜೋಳ, ಹತ್ತಿಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ. ಹಸು ಅದನ್ನು ತಿಂದರೆ ಅದರ ಒಂದು ರೂಪ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಅದು ಒಂದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂದು ಕಾನೂನಿದೆ. ಮಗುವಿನ ತಟ್ಟೆಯಿಂದ ತೆಗೆದ ಬೂಷ್ಟು ಹಸುವಿನ ಹೊಟ್ಟೆ ಸುತ್ತಿ ಅದೇ ಮಗುವಿನ ಲೋಟಕ್ಕೆ ಬರಬಾರದು. ನಿಮ್ಮ ಹಾಲು ನಿಮ್ಮ ಮನೆಯ ಲೋಟಕ್ಕೆ ಮಾತ್ರವಲ್ಲ, ನೂರಾರು ಮನೆಯ ಲೋಟಕ್ಕೆ ಹೋಗುತ್ತದೆ. ಬೂಷ್ಟು ಬಂದದ್ದನ್ನೂ, ಬಾವಲಿ ಕಚ್ಚಿದ್ದನ್ನೂ ದನಗಳ ಬಾಯಿಗೆ ಸಿಗದಂತೆ ಗುಂಡಿ ತೋಡಿ ಮುಚ್ಚಿ.

ತಿಂದುಬಿಟ್ಟಿದ್ದರೆ

ಕೆಟ್ಟ ಹಣ್ಣಿನ ಒಂದು ತುತ್ತು ತಿಂದ ಮಗು ಆಡಿಕೊಂಡಿದ್ದರೆ ಬಾಯಿ ತೊಳೆಸಿ, ನೀರು ಕುಡಿಸಿ, ಕಣ್ಣಿಟ್ಟಿರಿ. ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಕೊಡುತ್ತಾ ಇರಿ. ವಾಂತಿ ನಿಲ್ಲದಿದ್ದರೆ, ಮಲದಲ್ಲಿ ರಕ್ತವಿದ್ದರೆ, ಮಗು ಮಂಕಾದರೆ, ಜ್ವರ ಬಂದು ಮಾತು ತೊದಲಿದರೆ ಕಾಯಬೇಡಿ. ಗುಬ್ಬಿ, ಕುಣಿಗಲ್‌ನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ, 108ಕ್ಕೆ ಕರೆ ಮಾಡಿ. ಬೇಲಿಯ ಬೀಜ ತಿಂದಿದ್ದರೆ ಲಕ್ಷಣ ಕಾಣುವವರೆಗೂ ಕಾಯದೆ ಹೊರಡಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ತಿಂದು ಉಳಿದ ಹಣ್ಣು ಅಥವಾ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ. ಡಾಕ್ಟರಿಗೆ ಅರ್ಧ ಕೆಲಸ ಅದರಿಂದಲೇ ಆಗುತ್ತದೆ.

ಕೊನೆಗೊಂದು ಮಾತು

ನಿಮ್ಮ ತೋಟದಲ್ಲೋ ತವರಿನಲ್ಲೋ ಬೇರೆಯದೇ ಬಣ್ಣದ, ಬೇರೆಯದೇ ರುಚಿಯ ಹಲಸು ಇದ್ದರೆ, ನಾಲ್ಕು ಪ್ರಶ್ನೆ ದಾಟಿದ್ದರೆ, ಮರ ಕಡಿಯುವ ಯೋಚನೆ ಮಾಡಬೇಡಿ. ಚೇಳೂರಿನ ಮನೆಯವರು ಆ ಮರವನ್ನು ಕೆಂಪು ಹಣ್ಣಿನ ಮರವೆಂದು ಮರದ ಬೆಲೆಗೆ ಮಾರಿದ್ದರೆ ಇವತ್ತು 'ಸಿದ್ದು' ಹಲಸು ಇರುತ್ತಿರಲಿಲ್ಲ. ಒಂದು ಹಣ್ಣು ತೆಗೆದುಕೊಂಡು ಹಿರೇಹಳ್ಳಿಯ ಕೇಂದ್ರಕ್ಕೋ, ಅಲ್ಲೇ ಇರುವ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ತೋರಿಸಿ. ಬೀಜ ಹಾಕಿದರೆ ಅದೇ ಗುಣ ಬರುತ್ತದೆಂಬ ಖಾತ್ರಿ ಇಲ್ಲ. ಕಸಿ ಗಿಡವೇ ಬೇಕು.

ಮುಂದಿನ ಸಲ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಪಕ್ಕದ ಅಕ್ಕನಿಗೆ ಈ ನಾಲ್ಕು ಪ್ರಶ್ನೆ ಹೇಳಿ. ಕಾಡುಹರಳು, ಗುಲಗಂಜಿ ಮಾತನ್ನು ಮರೆಯದೆ ಹೇಳಿ. ಶಾಲೆ ಬಿಟ್ಟ ಮೇಲೆ ಬೇಲಿ ಹಾಯ್ದು ಬರುವ ಮಕ್ಕಳು ಅವರ ಮನೆಯಲ್ಲೂ ಇದ್ದಾರೆ.